ಹಾಡಿಯ ಮುಂದಿನ ಗುಂಡಿ

ಜೀಪಿನ ಅಡಿಯಿಂದ ಮೆಕ್ಯಾನಿಕ್ ಚಿಕ್ಕಬೀರಯ್ಯನ ತಲೆ ಹೊರಬಂತು. ಮುಖದ ತುಂಬ ಗ್ರೀಸು.

"ಮತ್ತೆ ಕಮಾನ್ ಪ್ಲೇಟೇ ಕಟ್ಟಾಗದೆ ಕಣ್ಲಾ ಮಲ್ಲ. ಅದೇ ಗುಂಡಿನಾ?"

ಮಲ್ಲ ಹೂಂ ಎಂದ. ಮೂರು ತಿಂಗಳಲ್ಲಿ ಇದು ನಾಲ್ಕನೆಯ ಸಲ. ಅಪ್ಪ ಬಿಟ್ಟುಹೋದ ಜೀಪು. ನಸುಕಿಗೇ ಕಾಡಂಚಿನ ತನ್ನ ಹಾಡಿಯ ಹತ್ತಾಳನ್ನು ತುಂಬಿಕೊಂಡು ಕೊಡಗಿನ ಕಾಫಿ ತೋಟಕ್ಕೆ ಹೊರಟರೆ ಮರಳುವುದು ಸಂಜೆಗೆ. ಹಾಡಿಯ ಮುಂದೆ ರಸ್ತೆಗೆ ಅಡ್ಡಡ್ಡ ಆ ಗುಂಡಿ. ಪಕ್ಕಕ್ಕೆ ತಪ್ಪಿಸಲು ಜಾಗವಿಲ್ಲ. ಎಷ್ಟು ಮೆಲ್ಲಗೆ ಇಳಿಸಿದರೂ ಮುದಿ ಜೀಪು ನರಳುತ್ತಿತ್ತು. ಒಮ್ಮೆ ಸೈಲೆನ್ಸರೇ ಕಳಚಿ ಬಿದ್ದಿತ್ತು.

ರಸ್ತೆ ಇಲಾಖೆಯವರು ಎರಡು ಸಲ ಮಣ್ಣು ಸುರಿದು ಮುಚ್ಚಿಹೋಗಿದ್ದರು. ವಾರದೊಳಗೆ ಗುಂಡಿ ಮತ್ತೆ ಬಾಯಿ ತೆರೆದಿತ್ತು.

"ಯಾರೋ ಬೇಕಂತ್ಲೇ ತೋಡ್ತಾವ್ರೆ. ಯಾಪಾರಕ್ಕೆ ನಾನೇ ತೋಡುಸ್ತೀನಿ ಅಂತ ಊರೋರು ಆಡ್ಕತಾರೆ. ಸಿಕ್ಕುದ್ರೆ ಕೈ ಮುರೀಬೇಕು."

"ತೋಡೋರ್ಗೂ ಏನು ಕಷ್ಟವೋ, ಬುಡಣ್ಣ."

ಸ್ಪ್ಯಾನರ್ ಇಸಿದುಕೊಳ್ಳುವಾಗ ಚಿಕ್ಕಬೀರಯ್ಯನಿಗೆ ಮಲ್ಲನ ಅಂಗೈಯ ಬೊಕ್ಕೆಗಳು ಕಂಡವು. ಸ್ಟೇರಿಂಗು ಅಷ್ಟು ಬಿಗಿಯೇನೋ ಎಂದು ನಕ್ಕ. ಮಲ್ಲ ನಗಲಿಲ್ಲ. ನಗಲು ಮೈಯಲ್ಲಿ ಕಸುವು ಉಳಿದಿರಲಿಲ್ಲ. ಇದ್ದ ಒಂದೇ ಸಮಾಧಾನ ಮಗಳು ಭಾಗ್ಯ. ಹೋದ ವರ್ಷ ಹಾಜರಿ ಸಾಲದೆಂದು ಅವಳನ್ನು ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಿಸಿರಲಿಲ್ಲ. ಈ ಮೂರು ತಿಂಗಳಲ್ಲಿ ಒಂದು ದಿನವೂ ಶಾಲೆ ತಪ್ಪಿಸಿಲ್ಲ. ಹೀಗೇ ನಡೆದರೆ ಈ ಸಲ ಬರೆಯುತ್ತಾಳೆ.

ಪ್ಲೇಟು ಹುಣಸೂರಿನಿಂದ ಬರುವಷ್ಟರಲ್ಲಿ ಎರಡು ದಿನವಾಯಿತು. ಮಲ್ಲ ಹನಗೋಡಿನ ಆ ಗ್ಯಾರೇಜಿನಲ್ಲೇ ಮಲಗಿದ.

ಮೂರನೆಯ ದಿನ ಸಂಜೆ ಹಾಡಿಯ ಮುಂದೆ ಜೀಪು ಕುಲುಕಲಿಲ್ಲ. ಮಲ್ಲ ಬ್ರೇಕ್ ಹಾಕಿ ಇಳಿದು ನೋಡಿದ. ಈ ಸಲ ಜಲ್ಲಿ ತುಂಬಿ, ಟಾರು ಬಳಿದು ನುಣ್ಣಗೆ ಮಾಡಿದ್ದರು. ಬಸ್ ಸ್ಟಾಪು ಕೊಡಿ ಎಂದು ಹಾಡಿಯವರು ಹಾಕಿದ ಅರ್ಜಿ ಆರು ವರ್ಷದಿಂದ ಯಾವುದೋ ಮೇಜಿನ ಮೇಲೆ ಕೊಳೆಯುತ್ತಿತ್ತು. ಗುಂಡಿಗೆ ಮಾತ್ರ ಮೂರು ಸಲ ಬಂದರು.

ಮನೆ ಬಾಗಿಲಲ್ಲಿ ಭಾಗ್ಯ ಪುಸ್ತಕದ ಚೀಲ ತಬ್ಬಿಕೊಂಡು ಕೂತಿದ್ದಳು. ಯೂನಿಫಾರಂ ಬಿಚ್ಚಿರಲಿಲ್ಲ.

"ಕೈ ಅಡ್ಡ ಹಿಡುದ್ರೂ ಬಸ್ಸು ನಿಲ್ಲುಸ್ನಿಲ್ಲ ಕಣಪ್ಪ. ಗುಂಡಿ ಇದ್ದಾಗಾದ್ರೆ ನಿಧಾನ ಮಾಡೋನು, ಎಲ್ಲಾರೂ ಏರ್ಕತಿದ್ದೊ."

ಮಲ್ಲ ಒಂದು ಲೋಟ ನೀರು ಕುಡಿದ. ಜೀಪಿನ ಹಿಂದಿನ ಸೀಟು ಎತ್ತಿ, ಅಡಿಯಲ್ಲಿದ್ದ ತನ್ನ ಹಾರೆ ಹೊರಗೆಳೆದು, ಟಾರಿನ ಕಡೆ ನಡೆದ.