ಸುಣ್ಣದ ಗೆರೆಯೊಳಗಿನ ಸಂಸಾರ

“ರೀ, ಕಾಫಿ ಆರಿಹೋಗುತ್ತೆ, ಬನ್ನಿ,” ಎಂದು ಅವಳು ಖಾಲಿ ಕೈಯನ್ನು ಮುಂದಕ್ಕೆ ಚಾಚಿದಳು. ಬಾಗಿಲಲ್ಲಿ ನಿಂತಿದ್ದ ಗಂಡ ಒಂದು ಗಳಿಗೆ ಅನುಮಾನಿಸಿದ. ಆಮೇಲೆ ಮೆಟ್ಟಿಲಿಳಿದು ಬಂದು, ಇಲ್ಲದ ಲೋಟವನ್ನು ಎರಡು ಬೆರಳಲ್ಲಿ ಹಿಡಿದು ಸೊರ್ರೆಂದು ಹೀರಿದ. “ಸಕ್ಕರೆ ಕಮ್ಮಿ,” ಎಂದ.

ಮನೆ ಅವರದಲ್ಲ, ಅಂಗಳವೂ ಅವರದಲ್ಲ. ಯಾರೋ ಹೊಸದಾಗಿ ಕಟ್ಟಿಸಿದ ಮನೆ. ಮನೆಯವರು ಇನ್ನೂ ಬಂದಿರಲಿಲ್ಲ. ಬೇರೆಯವರ ಮನೆಯ ಸುತ್ತ ತೋಟ, ಕಾಲುದಾರಿ, ಕೊಳ, ಕಲ್ಲುಬೆಂಚು, ಕಾಂಪೌಂಡು ಮಾಡಿಕೊಡುವುದು ಈ ಗಂಡ ಹೆಂಡಿರ ಕಸುಬು. ಗಿಡ, ಮಣ್ಣು, ನೀರು ಅವಳ ಪಾಲು. ಕಲ್ಲು, ಗಾರೆ ಅವನ ಪಾಲು. ಗುದ್ದಲಿ ಮುಟ್ಟುವ ಮುಂಚೆ ಅವಳು ಎಲ್ಲವನ್ನೂ ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಬರೆಯುತ್ತಿದ್ದಳು. ಆಮೇಲೆ ಇಬ್ಬರೂ ಒಂದು ಸಂಜೆ ಆ ಗೆರೆಗಳೊಳಗೆ, ತಾವೇ ಆ ಮನೆಯವರು ಎಂಬಂತೆ ಸಂಸಾರ ಮಾಡಿ ನೋಡುತ್ತಿದ್ದರು. ಬೆಂಚಿನ ಮೇಲೆ ಬಿಸಿಲು ಬೀಳುತ್ತದೋ, ಕೈಗಾಡಿ ತಳ್ಳಿದರೆ ದಾರಿ ಸಾಲುತ್ತದೋ, ಕಾಗದದ ಮೇಲೆ ತಿಳಿಯದ್ದೆಲ್ಲ ಹೀಗೆ ನಡೆದಾಡಿದರೆ ತಿಳಿಯುತ್ತದೆ. ಕೆಲಸದವರು ಇದಕ್ಕೆ ‘ಅಕ್ಕ ಭಾವನ ನಾಟಕ’ ಎಂದು ಹೆಸರಿಟ್ಟು ಹಲ್ಲು ಕಿಸಿಯುತ್ತಿದ್ದರು. ಇವತ್ತು ಅವರನ್ನೆಲ್ಲ ಅವಳು ಬೇಗನೆ ಮನೆಗೆ ಕಳಿಸಿಬಿಟ್ಟಿದ್ದಳು.

ಯಾಕೆಂದರೆ ಇದು ಕೊನೆಯ ನಾಟಕ. ಇದು ಮುಗಿದ ಮೇಲೆ ಅವನು ಬಸ್ಸು ಹತ್ತುವವನಿದ್ದ. ದೂರದೂರಿನಲ್ಲಿ ಬೇರೆ ಕೆಲಸ, ಬೇರೆ ರೂಮು ಎಲ್ಲ ಗೊತ್ತುಮಾಡಿಕೊಂಡಾಗಿತ್ತು. ಹೊಡೆದಾಟ ಬಡಿದಾಟ ಏನೂ ಆಗಿರಲಿಲ್ಲ. ಕಂಡವರ ಅಂಗಳವನ್ನೆಲ್ಲ ಸಿಂಗರಿಸಿ ಮನೆಗೆ ಬಂದರೆ ಇಬ್ಬರ ಬಾಯಲ್ಲೂ ಮಾತೇ ಉಳಿದಿರುತ್ತಿರಲಿಲ್ಲ, ಅಷ್ಟೇ. ಬರಬರುತ್ತ ಆ ಮೌನ ಯಾರ ತಪ್ಪು ಎಂಬುದಕ್ಕೇ ಕಿತ್ತಾಟ ಶುರುವಾಯಿತು. ಬೇರೆಯಾಗುವುದೆಂದು ನಿಶ್ಚಯವಾದ ಮೇಲಂತೂ ಅವನು ಅವಳನ್ನು ‘ನೀವು’ ಎಂದು ಕರೆಯತೊಡಗಿದ್ದ. ಅಯ್ಯೋ, ಬಾಯಿಗೆ ಬಂದಂತೆ ಬೈದಿದ್ದರೂ ಅವಳಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಇಳಿಬಿಸಿಲು ಅಂಗಳದ ತುಂಬ ಹರಡಿತ್ತು. ಬಿಳಿ ಗೆರೆಗಳ ನಡುವೆ ನಿಂತರೆ ಬೋಳು ಮಣ್ಣು ಎಲ್ಲಿಗೋ ಸರಿದುಹೋಗಿ, ಇನ್ನೂ ನೆಡದ ಗಿಡದ ನೆರಳು ಅವಳ ಪಾದದ ಮೇಲೆ ತಣ್ಣಗೆ ಬಿದ್ದಂತಿತ್ತು.

“ಅಯ್ಯಯ್ಯೋ, ಕೊಳಕ್ಕೇ ಕಾಲಿಡ್ತಿದೀರಲ್ರೀ!”

ಅವನು ಗಕ್ಕನೆ ನಿಂತ. ಬಗ್ಗಿ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು ಒಳಗಿಳಿದ. “ನೀರು ತಣ್ಣಗಿದೆ ಕಣೇ. ನೀನೂ ಬಾ.”

ಕಣೇ! ಆ ಮಾತು ಕೇಳಿ ಎಷ್ಟು ಕಾಲವಾಗಿತ್ತು. ಅವಳು ಚಪ್ಪಲಿ ಬಿಟ್ಟು, ಬಟ್ಟೆ ಒದ್ದೆಯಾದೀತೆಂದು ಎತ್ತಿ ಹಿಡಿದು, ಒಣನೆಲದ ಕೊಳಕ್ಕೆ ಇಳಿದಳು. “ಮೀನು ಕಾಲು ಕಚ್ತು,” ಎಂದಳು.

“ಸುಳ್ಳಿ! ಕೊಳ ತೋಡದೇ ಮೀನೆಲ್ಲಿಂದ ಬಂತು?”

“ನಮ್ಮನೇಲಿ ಆಗಲೇ ಬಿಟ್ಟಾಯ್ತು.”

‘ನಮ್ಮನೆ’ ಎಂದದ್ದು ಇಬ್ಬರಿಗೂ ಕೇಳಿಸಿತು. ಇಬ್ಬರೂ ಕೊಳದಿಂದ ಮೇಲೆ ಬಂದು, ಬೆಂಚು ಬರಬೇಕಾದ ಜಾಗದಲ್ಲಿ ನೆಲದ ಮೇಲೆಯೇ ಕುಳಿತರು. ಹೆಗಲಿಗೆ ಹೆಗಲು ತಾಗಿತು. ಅವನು ಗೇಣು ಹಾಕಿ ಗೆರೆಯನ್ನು ಅಳೆದ.

“ಈ ಬೆಂಚು ಸಣ್ಣದಾಯ್ತು.”

“ಇಬ್ಬರಿಗೆ ಸಾಕಲ್ಲ?”

“ಮುನಿಸ್ಕೊಂಡು ದೂರ ಕೂತ್ಕೋಬೇಕು ಅಂದ್ರೆ?”

“ಹಾಗೆ ಕೂತ್ಕೊಳ್ಳೋಕೆ ಆಗದೇ ಇರ್ಲಿ ಅಂತಾನೇ ಸಣ್ಣದು ಬರೆದಿರೋದು.”

ಅವನು ಅವಳ ಮುಖ ನೋಡಿದ. ಪ್ಯಾಂಟಿಗಂಟಿದ ಮಣ್ಣು ಕೊಡವಿಕೊಂಡು ಮೇಲೆದ್ದ. “ಸರಿ, ಕೆಲಸಕ್ಕೆ ಹೊತ್ತಾಯ್ತು. ಬರ್ತೀನಿ.” ಮನೆಯ ಯಜಮಾನ ಹೊರಗೆ ಹೊರಡುವುದರೊಂದಿಗೇ ನಾಟಕ ಯಾವಾಗಲೂ ಮುಗಿಯುತ್ತಿದ್ದುದು. ‘ಹೋಗಿಬನ್ನಿ’ ಎನ್ನುವುದು ಅವಳ ಪಾಲಿನ ಮಾತು. ಅದನ್ನು ಇವತ್ತು ಅವಳು ಬಾಕಿ ಉಳಿಸಿಕೊಂಡಳು. ಎದ್ದು ಅವನ ಕೈ ಹಿಡಿದುಕೊಳ್ಳಬೇಕು ಎನ್ನಿಸಿತು, ಎದ್ದಳು, ಹಿಡಿಯಲಿಲ್ಲ.

ಅವನು ಕಾಲುದಾರಿಯ ಎರಡು ಗೆರೆಗಳ ನಡುವೆ ನಿಧಾನವಾಗಿ ನಡೆದು ತುದಿ ಮುಟ್ಟಿದ. ಅತ್ತ ನೋಡಿದ, ಇತ್ತ ನೋಡಿದ.

“ಗೇಟೆಲ್ಲಿ ಬರೆದಿದೀಯೇ?”

ಅವಳೂ ನೋಡಿದಳು. ಕಾಂಪೌಂಡಿನ ಬಿಳಿ ಗೆರೆ ಎಲ್ಲಿಯೂ ತುಂಡಾಗದೆ ಮನೆಯ ಸುತ್ತ ಒಂದು ಸುತ್ತು ಬಂದು, ಹೊರಟಲ್ಲಿಗೇ ಸೇರಿಕೊಂಡಿತ್ತು. ಇಷ್ಟು ವರ್ಷಗಳಲ್ಲಿ ಅವಳು ನಲ್ಲಿ ಮರೆತದ್ದುಂಟು, ದೀಪದ ಕಂಬ ಮರೆತದ್ದುಂಟು. ಹೊರಗೆ ಹೋಗುವ ದಾರಿಯನ್ನೇ ಮರೆತದ್ದು ಇದೇ ಮೊದಲು. ಬೇಕೆಂದು ಮಾಡಿದ್ದಲ್ಲ, ಯಾರ ಮೇಲೆ ಬೇಕಾದರೂ ಆಣೆ ಇಟ್ಟು ಹೇಳುತ್ತಿದ್ದಳು.

“ಮರ್ತೇಹೋಯ್ತು ರೀ,” ಎಂದಳು. “ಇರಿ, ಕಾಲಲ್ಲಿ ಒಂಚೂರು ಅಳಿಸಿಬಿಡ್ತೀನಿ. ನಿಮ್ಮ ಬಸ್ಸಿಗೆ ಹೊತ್ತಾಗುತ್ತೆ.”

“ಇರು. ಅಳಿಸ್ಬೇಡ.”

ದೂರದ ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆಯಿತು. ದಾಟಿಬಿಡೋಣ ಎಂದು ಅವನು ಒಂದು ಕಾಲೆತ್ತಿದ. ಜೋರಾಗಿ ಉಸಿರು ಬಿಟ್ಟರೆ ಹಾರಿಹೋಗುವ ಪುಡಿ ಅದು. ಆಳೆತ್ತರದ ಬಂಡೆಯನ್ನು ಸೀಳಿ ಮೆಟ್ಟಿಲು ಮಾಡುವ ಆ ಮನುಷ್ಯ, ಎತ್ತಿದ ಕಾಲನ್ನು ಆಚೆಗೆ ಇಡಲಾರದೆ, ಒಂಟಿಕಾಲಲ್ಲಿ ನಿಂತೇ ಇದ್ದ.