ಗಣಕಕೂಟ

ಗಣಕೂಟ ಕೂಡಿಬಂತು ಎನ್ನಲು ದೇವಯ್ಯ ಜೋಯಿಸರು ಬಾಯಿ ತೆರೆಯುವುದಕ್ಕೂ ಲ್ಯಾಪ್‌ಟಾಪಿನ ಪರದೆ ಕಪ್ಪಾಗುವುದಕ್ಕೂ ಸರಿಹೋಯಿತು. ಒಂದು ಗಳಿಗೆ ಸತ್ತಂತೆ ಬಿದ್ದಿದ್ದ ಯಂತ್ರ ಕೀಂಯ್ ಎಂದು ಕೂಗಿ, ಏನೂ ನಡೆದೇ ಇಲ್ಲವೆಂಬಂತೆ ಮತ್ತೆ ಮೊದಲಿನಿಂದ ಶುರುವಾಯಿತು. ತುಂಬಿಸಿದ್ದ ಗಂಡಿನ ನಕ್ಷತ್ರವೂ ಇಲ್ಲ, ಹೆಣ್ಣಿನ ನಕ್ಷತ್ರವೂ ಇಲ್ಲ.

"ಕರೆಂಟು ಓಯ್ತಾ ಸ್ವಾಮಿ?" ಎಂದರು ಜಯಲಕ್ಷ್ಮಮ್ಮ. ಮಗಳು ಸುಧಳ ಮದುವೆ ಮಾತು ಇವತ್ತೇ ಮುಗಿಸಿಬಿಡಬೇಕೆಂದು ಶೀಳನೆರೆಯಿಂದ ಅವಳನ್ನು ಕರೆದುಕೊಂಡು ಕೆ.ಆರ್. ಪೇಟೆಗೆ ಬಂದಿದ್ದರು.

"ಕರೆಂಟು ಎಲ್ಲೋಯ್ತದೆ? ಬಲ್ಬು ಉರೀತಾ ಇಲ್ವಾ?" ಎಂದ ಕರಿಯಪ್ಪ. ಅವನು ಗಂಡಿನ ಚಿಕ್ಕಪ್ಪ. ನಾಗಮಂಗಲದಲ್ಲಿ ಮನೆಯ ಲಾರಿಗಳನ್ನು ನೋಡಿಕೊಳ್ಳುತ್ತಿದ್ದವನು.

ಕರೆಂಟಿನದು ತಪ್ಪಿಲ್ಲವೆಂಬುದು ಜೋಯಿಸರಿಗೂ ಗೊತ್ತಿತ್ತು. ಮೈಸೂರಿನಲ್ಲಿ ಯಾರೋ ಬಳಸಿ ಬಿಟ್ಟಿದ್ದ ಈ ಯಂತ್ರವನ್ನು ತಂದ ಹೊಸದರಲ್ಲೇ ಅಲ್ಲಿನ ಮೆಕ್ಯಾನಿಕ್ ಹೇಳಿ ಕಳಿಸಿದ್ದ: ಇದು ಎಡಮಗ್ಗುಲಿನ ಸೀಳಿನಿಂದ ಉಸಿರಾಡುತ್ತದೆ, ಬಟ್ಟೆ ಅಡ್ಡ ಬಂದರೆ ಕಾದು ಕಾದು ಆರಿಹೋಗುತ್ತದೆ. ಜೋಯಿಸರು ಮೊದಲು ಬರೀ ಮೇಜಿನ ಮೇಲಿಟ್ಟು ನೋಡಿದ್ದರು. ಕರೆಂಟು ಬಿಲ್ಲಿನ ಆಫೀಸಿನ ಹಾಗೆ ಕಂಡಿತು. ಒಬ್ಬರೂ ಕೈ ಮುಗಿಯಲಿಲ್ಲ. ಕೆಂಪು ಮಖಮಲ್ಲು ಹಾಸಿ ಕುಂಕುಮ ಇಟ್ಟ ಮೇಲೆ ಜನ ಚಪ್ಪಲಿ ಹೊರಗೆ ಬಿಡತೊಡಗಿದರು. ತೊಂಬತ್ತೆಂಟರಲ್ಲಿ ಈ ಕಡೆ ಮಡಚುವ ಕಂಪ್ಯೂಟರ್ ಎಂದರೆ ಅರ್ಧ ದೇವರು. ಅದು ಆರಿಹೋದಾಗಲೆಲ್ಲ ಹೊಣೆ ಹೊರಲು ಆಕಾಶದ ತುಂಬ ಗ್ರಹಗಳಿದ್ದವು. ಉಸಿರುಕಟ್ಟಿದ್ದು ಯಂತ್ರಕ್ಕೆ, ಮುರಿದದ್ದು ಯಾರ್ಯಾರದೋ ಸಂಬಂಧ.

"ಕುಜನ ದೃಷ್ಟಿ," ಎಂದರು ಜೋಯಿಸರು ಕಣ್ಣು ಮುಚ್ಚಿ. "ಯಂತ್ರ ತಡೆದುಕೊಳ್ಳಲಿಲ್ಲ."

ಕರಿಯಪ್ಪ ಯಂತ್ರದ ಮಗ್ಗುಲಿಗೆ ಅಂಗೈ ಇಟ್ಟವನೇ ಸರಕ್ಕನೆ ಹಿಂದಕ್ಕೆಳೆದುಕೊಂಡ. "ಕುಜನೂ ಇಲ್ಲ ಗಿಜನೂ ಇಲ್ಲ. ಕಾದ ಎಂಚಿನಂಗೆ ಸುಡ್ತಾ ಅದೆ. ನಮ್ ಲಾರಿನೂ ಇಂಗೇಯ ಸ್ವಾಮಿ, ಇಂಜಿನ್ನು ಕಾದ್ರೆ ಗಕ್ಕಂತ ನಿಂತ್ಕಬುಡ್ತದೆ."

"ಇದು ಲಾರಿಯಲ್ಲ ಕರಿಯಪ್ಪನೋರೆ. ಶಾಖಕ್ಕೂ ಇದಕ್ಕೂ ಸಂಬಂಧವೇ ಇಲ್ಲ." ಮೈಸೂರಿನ ಮೆಕ್ಯಾನಿಕ್ ಹತ್ತಿರದಲ್ಲಿ ಎಲ್ಲೂ ಇಲ್ಲವಾದ್ದರಿಂದ ಜೋಯಿಸರ ದನಿಯಲ್ಲಿ ಅಳುಕಿರಲಿಲ್ಲ.

ಆದರೂ ಎರಡನೆಯ ಸಲ ಜಾತಕ ತುಂಬಿಸುವಾಗ ಅವರ ಎಡಗೈ ಮಖಮಲ್ಲನ್ನು ಮೆಲ್ಲಗೆ ಹಿಂದಕ್ಕೆ ಸರಿಸಿತು. ಗ್ರಹಶಾಂತಿಗೆಂದು ಬೀಸಣಿಗೆ ತೆಗೆದು, ಮಂತ್ರ ಗೊಣಗುತ್ತಾ, ಸೀಳಿಗೆ ಸರಿಯಾಗಿ ಗಾಳಿ ಹಾಕತೊಡಗಿದರು.

ಆ ಹೊತ್ತಿಗೆ ಕರಿಯಪ್ಪ ಹುಡುಗಿಯ ಕಡೆ ತಿರುಗಿದ್ದ. "ಆ ಟೀಚರ್ ಟ್ರೈನಿಂಗು ಇಲ್ಲಿಗೇ ಸಾಕು ಕಣವ್ವ. ನಮ್ಮನೆ ಎಣ್ಮಕ್ಳು ಇನ್ನೊಬ್ರ ಮಕ್ಕಳಿಗೆ ಅಆಇಈ ಕಲಿಸಾಕೆ ಓಗಾಕಿಲ್ಲ."

"ಇನ್ನೊಂದೇ ವರ್ಸ ಅದೆ," ಎಂದಳು ಸುಧ.

"ಸುಮ್ಕಿರು," ಎಂದು ತಾಯಿ ಗದರಿದರು. "ಮೊದ್ಲು ಯಂತ್ರ ಏನ್ ಯೇಳ್ತದೋ ನೋಡಾಣ."

ಯಂತ್ರ ಒಳ್ಳೆಯದನ್ನೇ ಹೇಳುತ್ತಿತ್ತು. ದಿನ ಕೂಡಿತು, ಗಣ ಕೂಡಿತು, ಯೋನಿ, ರಾಶಿ ಎಲ್ಲವೂ ಕೂಡುತ್ತಾ ಹೋದವು. ಜಯಲಕ್ಷ್ಮಮ್ಮನ ಮುಖ ಅರಳಿತು. ಅಲ್ಲಿಯವರೆಗೂ ಪರದೆಯ ಕಡೆ ಕಣ್ಣೆತ್ತದೆ, ಬೀಸಣಿಗೆಯನ್ನೇ ನೋಡುತ್ತಾ ಕೂತಿದ್ದ ಸುಧ "ನಾನೂ ನೋಡ್ತೀನಿ" ಎಂದು ಕುರ್ಚಿ ಎಳೆದುಕೊಂಡಳು. ಪುಸ್ತಕ ತುಂಬಿದ ಬಟ್ಟೆಯ ಚೀಲವನ್ನು ಮೇಜಿನ ಮೇಲಿಟ್ಟು, ಯಂತ್ರದ ಎಡಮಗ್ಗುಲಿಗೆ ಒತ್ತಿ ಕೂರಿಸಿದಳು.

ಜೋಯಿಸರ ಬೀಸಣಿಗೆ ನಿಂತಿತು. "ತಾಯಿ, ಆ ಚೀಲ ಒಂದಿಷ್ಟು..."

"ಚೀಲದಿಂದ ಏನಾಯ್ತದೆ ಸ್ವಾಮಿ?" ಸುಧ ಕೇಳಿದ್ದು ಪಾಠ ಒಪ್ಪಿಸುವವಳಷ್ಟು ವಿನಯದಿಂದ. ಕಣ್ಣು ಮಾತ್ರ ಪಾಠ ಒಪ್ಪಿಸಿಕೊಳ್ಳುವವಳದು.

ಕರಿಯಪ್ಪನ ಕಿವಿ ನೆಟ್ಟಗಾಯಿತು. ಕಾಯುತ್ತದೆ ಎಂದು ಒಂದು ಮಾತು ಹೇಳಿದರೆ ಸಾಕು, ಜೋಯಿಸರ ಕುಜ ಲಾರಿ ಇಂಜಿನ್ನಾದನೆಂದು ನಾಳೆ ಹೊತ್ತಿಗೆ ನಾಗಮಂಗಲದವರೆಗೂ ಜನ ನಗೆಯಾಡುತ್ತಾರೆ. ಇಷ್ಟು ದಿನ ಬೇರೆಯವರ ಮನೆ ಮುರಿದ ಸುಳ್ಳು ಈಗ ತಮ್ಮ ಮೇಜಿನ ಮುಂದೆಯೇ ಬಂದು ಕೂತಿತ್ತು.

"ಏನೂ ಇಲ್ಲ... ಇರಲಿ," ಎಂದರು ಜೋಯಿಸರು.

ಪರದೆ ರಜ್ಜುಕೂಟಕ್ಕೆ ಬಂತು. ತಾಳಿಯ ಆಯಸ್ಸು ಹೇಳುವ ಕೂಟ. ಜಯಲಕ್ಷ್ಮಮ್ಮ ಉಸಿರು ಬಿಗಿಹಿಡಿದರು. ಯಂತ್ರವೂ ಹಿಡಿಯಿತು, ಮತ್ತೆ ಬಿಡಲಿಲ್ಲ. ಪರದೆ ಕಪ್ಪಾಯಿತು.

"ಇನ್ನೊಂದ್ ಕಿತ ಆಕಿ!" ಕರಿಯಪ್ಪ ಎದ್ದು ನಿಂತ.

ಜೋಯಿಸರು ಯಂತ್ರ ಮಡಚಿದರು. ಬೇರೆ ದಾರಿ ಇರಲಿಲ್ಲ. "ಗ್ರಹಗಳು ಒಂದು ಸಲ ಹೇಳಿದರೆ ಎಚ್ಚರಿಕೆ, ಎರಡು ಸಲ ಹೇಳಿದರೆ ಅಪ್ಪಣೆ. ಈ ಸಂಬಂಧ ಬೇಡ."

"ಈ ಡಬ್ಬದ ಮಾತ್ ಕೇಳ್ಕಂಡು ಬಂಗಾರದಂತ ಗಂಡ್ನ ಬುಟ್ಟೀರಾ?"

"ಮನುಸ್ರಾದ್ರೆ ಸುಳ್ಳು ಯೇಳ್ತಾರೆ ಕಣಣ್ಣ," ಎಂದರು ಜಯಲಕ್ಷ್ಮಮ್ಮ ತಾಳಿಯನ್ನು ಕಣ್ಣಿಗೊತ್ತಿಕೊಂಡು. "ಯಂತ್ರ ಯಾಕೆ ಸುಳ್ಳು ಯೇಳ್ತದೆ?"

ಕರಿಯಪ್ಪ ಚಪ್ಪಲಿ ಮೆಟ್ಟಿ ದಡದಡನೆ ಹೊರಟುಹೋದ. ತಾಯಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಮೆಟ್ಟಿಲಿಳಿದರು. ಸುಧ ಚೀಲ ಹೆಗಲಿಗೇರಿಸಿ, ಜೋಯಿಸರ ಕಾಲಿಗೆ ಬಗ್ಗಿ ನಮಸ್ಕಾರ ಮಾಡಿದಳು. ಏಳುವಾಗ ಮೆಲ್ಲಗೆ ಹೇಳಿದಳು:

"ಮುಂದಿನ್ ತಿಂಗಳು ಪಾಂಡವಪುರದಿಂದ ಇನ್ನೊಂದು ಗಂಡು ಬತ್ತದಂತೆ ಸ್ವಾಮಿ. ಅವ್ವನ್ನ ಇಲ್ಗೇ ಕರ್ಕಂಬತ್ತೀನಿ. ಅಲ್ಲೀಗಂಟ ಇದ್ನ ಎಲ್ಲಾರ ರಿಪೇರಿ ಮಾಡಿಸ್ಬುಟ್ಟೀರ, ಜ್ವಾಕೆ!"