ಜಾಯಿಕಾಯಿ ಬೇಕಂತೆ

ಲಕ್ವ ಹೊಡೆದ ಮೇಲೆ ಗಂಡನಿಗೆ ಮಾತೇ ನಿಂತುಹೋಗಿತ್ತು. ಕ್ರಿಸ್‌ಮಸ್ ಹಿಂದಿನ ಸಂಜೆ ಅವನ ನಾಲಿಗೆ ತೊದಲಿತು.

"ಜಾಯಿ... ಕಾಯಿ."

ಪ್ರತಿ ಹಬ್ಬಕ್ಕೂ ಅವನೇ ಜಾಯಿಕಾಯಿ ಉದುರಿಸಿ ಎಗ್‌ನಾಗ್ ಮಾಡುತ್ತಿದ್ದ. ಅದೇ ನೆನಪಾಗಿರಬೇಕೆಂದು ಅವಳು ಹಾಲಿಗೆ ಮೊಟ್ಟೆ, ಸಕ್ಕರೆ ಕದಡಿ, ಕಾಸಿ ತಂದಳು. ಅವನು ಮುಖ ತಿರುಗಿಸಿದ.

"ಜಾಯಿ... ಕಾಯಿ."

ಗಡಿಬಿಡಿಯಲ್ಲಿ ಜಾಯಿಕಾಯಿ ಉದುರಿಸುವುದನ್ನೇ ಮರೆತಿದ್ದಳು. ಓಡಿಹೋಗಿ ತುರಿದು ತಂದು ಉದುರಿಸಿದಳು. ಅವನು ಲೋಟವನ್ನೇ ತಳ್ಳಿದ. ಕೊನೆಗೆ ಇಡೀ ಜಾಯಿಕಾಯಿಯನ್ನೇ ಅವನ ಮುಂದೆ ಹಿಡಿದಳು. ಅವನ ಕಣ್ಣಲ್ಲಿ ನೀರು ತುಂಬಿತು.

"ಇನ್ನೇನು ಬೇಕು ರೀ? ನಂಗೆ ತಿಳೀತಿಲ್ಲ" ಎಂದು ಅವಳು ಮಂಚದ ಪಕ್ಕ ಕುಸಿದು ಬಿಕ್ಕಿದಳು.

ಅತ್ತೆ ಹತ್ತಿರ ಬಂದು ಮಗನ ತುಟಿಗೆ ಕಿವಿಗೊಟ್ಟರು.

"ಅವನು ತಿನ್ನೋಕೆ ಏನೂ ಕೇಳ್ತಿಲ್ಲ. ನಿನ್ನ ಹೆಸರು ಹಿಡಿದು ಕರೀತಿದ್ದಾನೆ. ಜಾಯ್, ಕೈ ಹಿಡ್ಕೋ ಅಂತ."